ಸಲೀಂ ಅಲಿ: ಡಿಗ್ರಿಯಿಲ್ಲದ ವಿಜ್ಞಾನಿ

ನಮ್ಮ ಕಾಲೇಜುಗಳಲ್ಲಿ ಮೂರು ಜಾತಿ: ಸೈನ್ಸ್, ಕಾಮರ್ಸ್, ಆರ್ಟ್ಸ್. ಒಂದು ಜಾತಿಯವರು ಇನ್ನೊಂದು ಜಾತಿಯವರ ಕೇರಿಗೆ ಕಾಲಿಡುವುದಿಲ್ಲ. ಮೂವರಿಗೂ ಸೇರಿ ಇರುವುದು ಪರಿಸರ ಅಧ್ಯಯನ ಅನ್ನೋ ಒಂದು ಕಡ್ಡಾಯ ಪೇಪರು. ಪರೀಕ್ಷೆಯ ಹಿಂದಿನ ರಾತ್ರಿ ಅದನ್ನು ಓದುತ್ತೇವೆ, ಮರುದಿನ ಬರೆದು ಕೈತೊಳೆದುಕೊಳ್ಳುತ್ತೇವೆ. ಜೀವವೈವಿಧ್ಯದ ವ್ಯಾಖ್ಯೆ ಕೇಳಿ, ನಿದ್ದೆಯಲ್ಲೂ ಹೇಳುತ್ತೇವೆ. ಹಾಸ್ಟೆಲಿನ ಕಿಟಕಿಗೆ ಬಂದು ಕೂರುವ ಹಕ್ಕಿ ಯಾವುದು ಅಂತ ಕೇಳಿ, ಒಬ್ಬರ ಮುಖ ಒಬ್ಬರು ನೋಡುತ್ತೇವೆ.

ಇದೇ ಮುಂಬಯಿಯಲ್ಲಿ ಹುಟ್ಟಿ, ನಮ್ಮ ಹಾಗೆಯೇ ಅರೆಮನಸ್ಸಿನಿಂದ ಕಾಮರ್ಸ್ ಓದಿ, ಕೊನೆಗೆ ಭಾರತದ ಹಕ್ಕಿಗಳ ವಿಷಯದಲ್ಲಿ ಪ್ರಪಂಚಕ್ಕೇ ಗುರುವಾದ ಒಬ್ಬರಿದ್ದರು. ಹೆಸರು ಸಲೀಂ ಅಲಿ. ಹೆಸರೇನೋ ಎಲ್ಲರಿಗೂ ಗೊತ್ತು. ಕ್ವಿಜ್ ಪುಸ್ತಕದಲ್ಲಿ ಅವರಿಗೊಂದು ಸಾಲು ಇದ್ದೇ ಇರುತ್ತದೆ. ಆ ಒಂದು ಸಾಲಿನ ಆಚೆ ಏನಿತ್ತು ಅಂತ ನೋಡೋಣ ಬನ್ನಿ.

ಸಲೀಂ ಅಲಿ ಹುಟ್ಟಿದ್ದು 1896ರ ನವೆಂಬರ್ 12ರಂದು, ತುಂಬು ಸಂಸಾರದ ಕೊನೆಯ ಮಗುವಾಗಿ. ಒಂದು ವರ್ಷ ತುಂಬುವಾಗ ತಂದೆ ಇಲ್ಲ, ಮೂರು ವರ್ಷಕ್ಕೆ ತಾಯಿ ಇಲ್ಲ. ಮಕ್ಕಳನ್ನೆಲ್ಲ ಸಾಕಿದ್ದು ಸೋದರಮಾವ ಅಮೀರುದ್ದೀನ್ ತ್ಯಾಬ್ಜಿ ಮತ್ತು ಅವರ ಹೆಂಡತಿ ಹಮೀದಾ ಬೇಗಂ. ಮನೆ ಇದ್ದದ್ದು ಖೇತವಾಡಿಯಲ್ಲಿ. ಮಾವ ಒಳ್ಳೆಯ ಶಿಕಾರಿ. ಹುಡುಗನಿಗೂ ಒಂದು ಆಟದ ಏರ್‌ಗನ್ ಸಿಕ್ಕಿತ್ತು. ದೊಡ್ಡವನಾದ ಮೇಲೆ ದೊಡ್ಡ ಬೇಟೆಗಾರನಾಗಬೇಕು ಅನ್ನುವುದೇ ಆಗಿನ ಕನಸು. ಹಕ್ಕಿಗಳ ಮೇಲೆ ದಯೆ, ಪ್ರೀತಿ ಇಂಥದ್ದೇನೂ ಇರಲಿಲ್ಲ.

1908ರ ಸುಮಾರಿಗೆ ಒಂದು ದಿನ ಹುಡುಗ ಗುಬ್ಬಿಯೊಂದನ್ನು ಹೊಡೆದುರುಳಿಸಿದ. ಎತ್ತಿ ನೋಡಿದರೆ ಗಂಟಲಿನ ಮೇಲೆ ಅರಿಸಿನ ಹಚ್ಚಿದ ಹಾಗೆ ಹಳದಿ ಮಚ್ಚೆ. ಮನೆಯ ಸುತ್ತ ಹಾರಾಡುವ ಗುಬ್ಬಿಗೆ ಇಂಥ ಮಚ್ಚೆ ಇರುವುದಿಲ್ಲವಲ್ಲ! ಮಾವನಿಗೆ ತೋರಿಸಿದ. ಮಾವನಿಗೂ ಗೊತ್ತಾಗಲಿಲ್ಲ. ಆದರೆ ಆ ಮನುಷ್ಯ ಒಂದು ಒಳ್ಳೆಯ ಕೆಲಸ ಮಾಡಿದರು. ಏನೋ ಒಂದು ಹೆಸರು ಹೇಳಿ ಹುಡುಗನ ಬಾಯಿ ಮುಚ್ಚಿಸದೆ, ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಕಾರ್ಯದರ್ಶಿ ಮಿಲ್ಲಾರ್ಡ್ ಸಾಹೇಬರಿಗೆ ಒಂದು ಚೀಟಿ ಬರೆದುಕೊಟ್ಟು ಅಲ್ಲಿಗೆ ಕಳಿಸಿದರು.

1883ರಲ್ಲಿ ಶುರುವಾದ ಈ ಸೊಸೈಟಿ ಆಗ ಹೆಚ್ಚುಕಡಿಮೆ ಬಿಳಿಯರ ಕೂಟ. ಅಲ್ಲಿಗೆ ಸತ್ತ ಗುಬ್ಬಿ ಹಿಡಿದುಕೊಂಡು ಹೋಗುವ ಭಾರತೀಯ ಹುಡುಗನ ಎದೆ ಎಷ್ಟು ಹೊಡೆದುಕೊಂಡಿರಬೇಕು, ನೀವೇ ಊಹಿಸಿ. ಮಿಲ್ಲಾರ್ಡ್ ಗದರಲಿಲ್ಲ. ಅದು ಹಳದಿ ಗಂಟಲಿನ ಗುಬ್ಬಿ ಅಂತ ಗುರುತಿಸಿ, ಡ್ರಾಯರುಗಳನ್ನು ಒಂದೊಂದಾಗಿ ಎಳೆದು, ಸಾಲಾಗಿ ಮಲಗಿಸಿಟ್ಟಿದ್ದ ಹಕ್ಕಿಗಳನ್ನು ತೋರಿಸಿದರು. ಓದಲು ಪುಸ್ತಕ ಕೊಟ್ಟರು. ಹಕ್ಕಿಯ ಚರ್ಮ ಸುಲಿದು ಹದ ಮಾಡಿ, ಸಿಕ್ಕ ಜಾಗ, ದಿನ, ಗಂಡೋ ಹೆಣ್ಣೋ ಎಂಬ ವಿವರ ಬರೆದು ಚೀಟಿ ಕಟ್ಟುವ ವಿದ್ಯೆಯನ್ನು ಕಲಿಯಲು ಏರ್ಪಾಡು ಮಾಡಿದರು. ಒಂದು ಪ್ರಶ್ನೆಗೆ ಮರ್ಯಾದೆ ಸಿಕ್ಕಿದ್ದರಿಂದ ಒಬ್ಬ ವಿಜ್ಞಾನಿ ಹುಟ್ಟಿದ.

ಅದೇ ಎಳೆಯ ವಯಸ್ಸಿನ ಇನ್ನೊಂದು ಕತೆ ಕೇಳಿ. ಗೋಡೆಯ ತೂತಿನಲ್ಲಿ ಒಂದು ಹೆಣ್ಣು ಗುಬ್ಬಿ ಮೊಟ್ಟೆಯಿಟ್ಟು ಕೂತಿತ್ತು. ಗಂಡು ಹೊರಗೆ ಕಾವಲು. ಹುಡುಗ ಗಂಡನ್ನು ಹೊಡೆದ. ಸ್ವಲ್ಪ ಹೊತ್ತಿಗೆ ಇನ್ನೊಂದು ಗಂಡು ಬಂದು ಅದೇ ಜಾಗದಲ್ಲಿ ಕಾವಲು ನಿಂತಿತು. ಅದನ್ನೂ ಹೊಡೆದ. ಒಂದು ವಾರದಲ್ಲಿ ಹೀಗೆ ಎಂಟು ಗಂಡು ಗುಬ್ಬಿಗಳು ಸತ್ತವು, ಪ್ರತಿ ಸಲವೂ ಹೊಸ ಗಂಡು ಹಾಜರ್. ಓದಿದರೆ ಮೈ ಜುಮ್ಮೆನ್ನುತ್ತದೆ, ನಿಜ. ಆದರೆ ಹುಡುಗ ಹೊಡೆದು ಸುಮ್ಮನಾಗಲಿಲ್ಲ, ನೋಡಿದ್ದನ್ನು ನೋಟುಪುಸ್ತಕದಲ್ಲಿ ಬರೆದಿಟ್ಟ. ಸುಮಾರು ಅರವತ್ತು ವರ್ಷಗಳ ಮೇಲೆ ಆ ಟಿಪ್ಪಣಿ ಹಕ್ಕಿ ವೀಕ್ಷಕರ ಪತ್ರಿಕೆಯೊಂದರಲ್ಲಿ ಹೆಚ್ಚುಕಡಿಮೆ ಹಾಗೇ ಪ್ರಕಟವಾಯಿತು. (ಆ ಪತ್ರಿಕೆಯನ್ನು ಆರಂಭದಲ್ಲಿ ನಮ್ಮ ಈ ಪತ್ರಿಕೆಯ ಹಾಗೆಯೇ ಸೈಕ್ಲೋಸ್ಟೈಲ್ ಮಾಡಿ ಹಂಚುತ್ತಿದ್ದರಂತೆ. ಸಂಪಾದಕರು ಧೈರ್ಯವಾಗಿರಬಹುದು!)

ಶಾಲೆಯಲ್ಲಿ ಮಾತ್ರ ಸಲೀಂ ಅಲಿ ಜಾಣ ಅನ್ನಿಸಿಕೊಳ್ಳಲಿಲ್ಲ. ತಲೆನೋವಿನ ಕಾಟ, ಅದರ ಉಪಚಾರಕ್ಕೆ ಸಿಂಧ್ ಪ್ರಾಂತದ ನೆಂಟರ ಮನೆಯಲ್ಲಿ ವಾಸ. 1913ರಲ್ಲಿ ಹೇಗೋ ದಡ ಸೇರಿದ ಹಾಗೆ ಮೆಟ್ರಿಕ್ ಪಾಸಾಯಿತು. ಕಾಲೇಜು ಸೇರಿದರೂ ಹಿಡಿಸಲಿಲ್ಲ. ಮನೆಯವರು ಬರ್ಮಾದ ತವಾಯ್ ಎಂಬಲ್ಲಿ ನಡೆಸುತ್ತಿದ್ದ ಗಣಿ ಮತ್ತು ಮರದ ವ್ಯಾಪಾರಕ್ಕೆ ಹುಡುಗನನ್ನು ಕಳಿಸಿದರು. ಸುತ್ತ ದಟ್ಟ ಕಾಡು. ವ್ಯಾಪಾರ ನೋಡಿಕೊಳ್ಳಬೇಕಾದವನು ಹಕ್ಕಿ ನೋಡುತ್ತ ಕೂತರೆ ಲಾಭ ಎಲ್ಲಿಂದ ಬರಬೇಕು?

1917ರಲ್ಲಿ ಮುಂಬಯಿಗೆ ವಾಪಸು. ಹೊಟ್ಟೆಪಾಡಿಗೆ ಬೇಕು ಅಂತ ದಾವರ್ ಕಾಲೇಜಿನಲ್ಲಿ ವಾಣಿಜ್ಯ ಕಾನೂನು ಮತ್ತು ಲೆಕ್ಕಪತ್ರ ಓದಲು ಸೇರಿದರು. ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಫಾದರ್ ಬ್ಲಾಟರ್ ಎಂಬ ಪಾದ್ರಿ ಇದ್ದರು, ಸಸ್ಯಶಾಸ್ತ್ರದಲ್ಲಿ ಎತ್ತಿದ ಕೈ. ಈ ಕಾಮರ್ಸ್ ಹುಡುಗನ ನಿಜವಾದ ಆಸಕ್ತಿ ಎಲ್ಲಿದೆ ಅನ್ನುವುದು ಅವರ ಕಣ್ಣಿಗೆ ಬಿತ್ತು. ಅವರು ಒತ್ತಾಯ ಮಾಡಿದ ಮೇಲೆ ಬೆಳಿಗ್ಗೆ ದಾವರ್‌ನಲ್ಲಿ ಲೆಕ್ಕಪತ್ರ, ಆಮೇಲೆ ಝೇವಿಯರ್ಸ್‌ನಲ್ಲಿ ಪ್ರಾಣಿಶಾಸ್ತ್ರ ಅಂತ ಎರಡು ದೋಣಿಯ ಮೇಲೆ ಕಾಲಿಟ್ಟು ಓದಿದ್ದಾಯಿತು. ಪ್ರಾಣಿಶಾಸ್ತ್ರದ ಪಾಠವೇನೋ ಮುಗಿಯಿತು, ಡಿಗ್ರಿ ಮಾತ್ರ ಕೈಗೆ ಬರಲಿಲ್ಲ. 1918ರ ಡಿಸೆಂಬರಿನಲ್ಲಿ ತೆಹ್ಮಿನಾ ಅವರೊಡನೆ ಮದುವೆ.

ಈ ಡಿಗ್ರಿ ಇಲ್ಲದ್ದು ಮುಂದೆ ಅವರನ್ನು ಕಾಡಿತು. ಜೂವಾಲಜಿಕಲ್ ಸರ್ವೇ ಆಫ್ ಇಂಡಿಯಾದಲ್ಲಿ ಪಕ್ಷಿವಿಜ್ಞಾನಿಯ ಹುದ್ದೆ ಖಾಲಿ ಇತ್ತು. ಅರ್ಜಿ ಹಾಕಿದರು. ವಿಶ್ವವಿದ್ಯಾಲಯದ ಪದವಿ ಇಲ್ಲದ್ದರಿಂದ ಸಿಗಲಿಲ್ಲ. 1926ರಲ್ಲಿ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಮ್ಮಿನ ಪ್ರಕೃತಿ ವಿಭಾಗದಲ್ಲಿ ಬಂದವರಿಗೆ ವಿವರಿಸಿ ಹೇಳುವ ಗೈಡ್ ಲೆಕ್ಚರರ್ ಕೆಲಸ ಸಿಕ್ಕಿತು, ತಿಂಗಳಿಗೆ 350 ರೂಪಾಯಿ. ಕಾಲಾ ಘೋಡಾದ ಹತ್ತಿರ ಇವತ್ತು ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯ ಅನ್ನುತ್ತೇವಲ್ಲ, ಅದೇ ಕಟ್ಟಡ. ಎರಡು ವರ್ಷ ಆಗುವಷ್ಟರಲ್ಲಿ ತನಗೆ ಗೊತ್ತಿರುವುದು ಸಾಲದು ಅನ್ನಿಸಿತು. ರಜೆ ಹಾಕಿ 1928ರಲ್ಲಿ ಬರ್ಲಿನ್ನಿಗೆ ಹೋದರು. ಅಲ್ಲಿಯ ಮ್ಯೂಸಿಯಮ್ಮಿನಲ್ಲಿದ್ದ ಎರ್ವಿನ್ ಸ್ಟ್ರೆಸ್‌ಮನ್ ಆ ಕಾಲದ ದೊಡ್ಡ ಪಕ್ಷಿವಿಜ್ಞಾನಿ. ಹಕ್ಕಿಯನ್ನು ಹೆಸರಿಟ್ಟು ಡ್ರಾಯರಿನಲ್ಲಿ ಮಲಗಿಸಿದರೆ ಸಾಲದು, ಅದು ಬದುಕುವ ರೀತಿಯನ್ನು ಅಭ್ಯಾಸ ಮಾಡಬೇಕು ಅನ್ನುವ ದೃಷ್ಟಿ ಅಲ್ಲಿ ಗಟ್ಟಿಯಾಯಿತು. ಸ್ಟ್ರೆಸ್‌ಮನ್‌ರನ್ನು ಅವರು ಕೊನೆತನಕ ಗುರು ಎಂದೇ ಭಾವಿಸಿದರು.

1930ರಲ್ಲಿ ಊರಿಗೆ ಬಂದು ನೋಡಿದರೆ ಹಣವಿಲ್ಲ ಅಂತ ಅವರ ಕೆಲಸವನ್ನೇ ತೆಗೆದುಹಾಕಿದ್ದರು! ಮೂವತ್ತು ದಾಟಿದ ವಯಸ್ಸು, ವಿದೇಶದಲ್ಲಿ ಕಲಿತ ವಿದ್ಯೆ, ಕೈಯಲ್ಲಿ ಕೆಲಸವಿಲ್ಲ. ಮುಂಬಯಿಯಲ್ಲಿ ಸಂಸಾರ ಸಾಗಿಸುವುದು ಕಷ್ಟವಾಗಿ ಗಂಡ ಹೆಂಡತಿ ಕೊಲ್ಲಿಯ ಆಚೆ ಅಲೀಬಾಗ್ ಹತ್ತಿರದ ಕಿಹಿಂ ಎಂಬ ಹಳ್ಳಿಗೆ ಹೋಗಿ ನೆಲೆಸಿದರು.

ಅಲ್ಲಿ ಮನೆಯ ಹತ್ತಿರದ ಮರದಲ್ಲಿ ಗೀಜಗಗಳು ಗೂಡು ಕಟ್ಟುತ್ತಿದ್ದವು. ಮಳೆಯಲ್ಲಿ ನೆನೆಯುವ ಕೋತಿಗೆ ಬುದ್ಧಿ ಹೇಳಲು ಹೋಗಿ ಗೂಡು ಕಳೆದುಕೊಂಡ ಗೀಜಗನ ಕತೆ ನಾವೆಲ್ಲ ಕೇಳಿದ್ದೇ. ಗೀಜಗನ ಗೂಡಿನ ಅಂದ ಹೊಗಳದವರಿಲ್ಲ. ಆದರೆ ಗೂಡು ಕಟ್ಟುವುದು ಯಾರು, ಯಾವಾಗ, ಯಾಕೆ ಎಂದು ಮಳೆಗಾಲ ಪೂರ್ತಿ ಕೂತು ನೋಡಿದವರು ಎಷ್ಟು ಜನ? ಕೆಲಸವಿಲ್ಲದ ಸಲೀಂ ಅಲಿ ಕೂತು ನೋಡಿದರು.

ಕಂಡದ್ದು ಇಷ್ಟು. ಗೂಡು ಕಟ್ಟುವುದು ಗಂಡು. ಹುಲ್ಲಿನ ಎಳೆ ಸೀಳಿ ತಂದು ಅರ್ಧ ಗೂಡು ಕಟ್ಟಿ ನಿಲ್ಲಿಸುತ್ತದೆ. ಆಗ ಹೆಣ್ಣುಗಳು ಬರುತ್ತವೆ, ಮನೆ ಬಾಡಿಗೆಗೆ ಹಿಡಿಯುವವರ ಹಾಗೆ ಒಳಗೆ ಹೊಕ್ಕು ಪರೀಕ್ಷೆ ಮಾಡುತ್ತವೆ. ಒಂದು ಹೆಣ್ಣು ಒಪ್ಪಿದರೆ ಗಂಡು ಮೊಟ್ಟೆಯ ಕೋಣೆ, ಕೆಳಗೆ ಇಳಿಬೀಳುವ ಕೊಳವೆ ಎಲ್ಲ ಪೂರ್ತಿ ಮಾಡುತ್ತದೆ. ಯಾರೂ ಒಪ್ಪದ ಗೂಡು ಅರ್ಧಕ್ಕೇ ನಿಲ್ಲುತ್ತದೆ. ಮರದಲ್ಲಿ ತೂಗುವ ಅರೆಬರೆ ಗೂಡುಗಳ ಗುಟ್ಟು ಇದು. ಹೆಣ್ಣು ಮೊಟ್ಟೆಯಿಟ್ಟು ಕಾವಿಗೆ ಕೂತ ಮೇಲೆ ಗಂಡು ಮಹಾಶಯ ಪಕ್ಕದಲ್ಲೇ ಇನ್ನೊಂದು ಗೂಡು ಶುರು ಮಾಡಿ ಇನ್ನೊಂದು ಹೆಣ್ಣಿಗಾಗಿ ಕಾಯುತ್ತಾನೆ. 1931ರಲ್ಲಿ ಸೊಸೈಟಿಯ ಜರ್ನಲ್ಲಿನಲ್ಲಿ ಈ ಅಧ್ಯಯನ ಅಚ್ಚಾಗಿ ಸಲೀಂ ಅಲಿಗೆ ಹೆಸರು ತಂದಿತು. ಇದಕ್ಕೆ ಲ್ಯಾಬ್ ಬೇಕಾಗಲಿಲ್ಲ, ಗ್ರ್ಯಾಂಟ್ ಬೇಕಾಗಲಿಲ್ಲ. ಬೇಕಾದದ್ದು ಒಂದು ಮರ, ಒಂದು ನೋಟುಪುಸ್ತಕ, ಬೇಕಾದಷ್ಟು ತಾಳ್ಮೆ. ಮತ್ತೆ, ಸಂಪಾದನೆಯಿಲ್ಲದ ಗಂಡ ದಿನಾ ಮರ ನೋಡುತ್ತ ಕೂತರೂ ಬೇಸರ ಮಾಡದ ಹೆಂಡತಿ. ತೆಹ್ಮಿನಾ ಅವರ ಪಾಲನ್ನು ಲೆಕ್ಕಕ್ಕೆ ಹಿಡಿಯದೆ ಈ ಕತೆ ಹೇಳಬಾರದು.

ಕೆಲಸ ಸಿಗದಿದ್ದರೆ ಕೆಲಸವನ್ನು ತಾವೇ ಹುಟ್ಟಿಸಿಕೊಳ್ಳುವುದು ಅಂತ ಆಮೇಲೆ ತೀರ್ಮಾನವಾಯಿತು. ದೇಶೀಯ ಸಂಸ್ಥಾನಗಳ ಹಕ್ಕಿಗಳ ಪೂರ್ತಿ ಲೆಕ್ಕ ಆಗಿರಲಿಲ್ಲ. ಸಂಬಳ ಬೇಡ, ಓಡಾಟದ ಮತ್ತು ಬಿಡಾರದ ಖರ್ಚು ಕೊಟ್ಟರೆ ಸರ್ವೆ ಮಾಡಿಕೊಡುತ್ತೇನೆ ಅಂತ ಸಲೀಂ ಅಲಿ ಮುಂದೆ ಬಂದರು. 1931ರಲ್ಲಿ ಹೈದರಾಬಾದಿನಿಂದ ಶುರು. 1933ರಲ್ಲಿ ತಿರುವಾಂಕೂರು ಮತ್ತು ಕೊಚ್ಚಿ. ಗುಡ್ಡ ಕಾಡು ಅಲೆದು ಬಿಡಾರ ಹೂಡುವ ಈ ಬದುಕಿನಲ್ಲಿ ತೆಹ್ಮಿನಾ ಕೂಡ ಜೊತೆಗಿರುತ್ತಿದ್ದರು. 1939ರಲ್ಲಿ ಒಂದು ಚಿಕ್ಕ ಆಪರೇಶನ್ ಆದ ಮೇಲೆ ಆಕೆ ತೀರಿಕೊಂಡರು. ಮಕ್ಕಳಿರಲಿಲ್ಲ. ಸಲೀಂ ಅಲಿ ಮತ್ತೆ ಮದುವೆಯಾಗಲಿಲ್ಲ. ಬಾಂದ್ರಾದ ಪಾಲಿ ಹಿಲ್ಲಿನಲ್ಲಿದ್ದ ಅಕ್ಕ ಭಾವನ ಮನೆಯೇ ಮುಂದೆ ಅವರ ಮನೆಯಾಯಿತು.

ಆ ದುಃಖದ ಬೆನ್ನಿಗೇ ಬಂದದ್ದು ನಮ್ಮ ಮೈಸೂರು ಸಂಸ್ಥಾನದ ಸರ್ವೆ, 1939-40ರಲ್ಲಿ. ಶ್ರೀರಂಗಪಟ್ಟಣದ ಹತ್ತಿರ ಕಾವೇರಿಯ ನಡುಗಡ್ಡೆಗಳಲ್ಲಿ ಬಾಯ್ಕಳಕ, ಚಮಚದ ಕೊಕ್ಕಿನ ಹಕ್ಕಿ, ನೀರುಕಾಗೆ, ಹಾವಕ್ಕಿ, ಬೆಳ್ಳಕ್ಕಿ ಎಲ್ಲ ಒಟ್ಟಿಗೆ ಗೂಡು ಕಟ್ಟಿ ಮರಿ ಮಾಡುವುದನ್ನು ಅವರು ನೋಡಿದರು. ಇದನ್ನು ಕಾಪಾಡಬೇಕು ಅಂತ ಮೈಸೂರು ಅರಸರನ್ನು ಒಪ್ಪಿಸಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. 2022ರಲ್ಲಿ ಅದಕ್ಕೆ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ತಾಣ ಎಂಬ ಮನ್ನಣೆಯೂ ಬಂತು. ರಜಕ್ಕೆ ಊರಿಗೆ ಹೋದಾಗ ಅಲ್ಲಿ ದೋಣಿಯಲ್ಲಿ ಕೂತು ಮೊಸಳೆ ನೋಡಿ ಕಿರುಚಿದವರು ನಮ್ಮಲ್ಲೂ ಇದ್ದಾರೆ. ಈ ಮುಂಬಯಿಯ ಮನುಷ್ಯನ ಋಣ ಅಲ್ಲಿದೆ ಅನ್ನುವುದು ಎಷ್ಟು ಜನಕ್ಕೆ ಗೊತ್ತಿತ್ತು?

1941ರಲ್ಲಿ ಭಾರತೀಯ ಹಕ್ಕಿಗಳ ಬಗ್ಗೆ ಅವರ ಪುಸ್ತಕ ಬಂತು. ಬಣ್ಣದ ಚಿತ್ರ, ಸರಳವಾದ ವಿವರಣೆ. ಸಾಹೇಬರ ಹವ್ಯಾಸವಾಗಿದ್ದ ಹಕ್ಕಿ ನೋಟ ಮೇಷ್ಟರು, ಗುಮಾಸ್ತರು, ಶಾಲೆ ಹುಡುಗರ ಕೈಗೆ ಬಂದದ್ದು ಈ ಪುಸ್ತಕದಿಂದ. ಸ್ವಾತಂತ್ರ್ಯ ಬಂದು ಬಿಳಿಯರು ಹೊರಟಾಗ ಸೊಸೈಟಿ ಹಣವಿಲ್ಲದೆ ಮುಳುಗುವ ಸ್ಥಿತಿಯಲ್ಲಿತ್ತು. ಪ್ರಧಾನಿ ನೆಹರೂ ಅವರಿಗೇ ಬರೆದು ಸಹಾಯ ಪಡೆದು ಅದನ್ನು ಉಳಿಸಿದವರೂ ಇವರೇ. ಹಾಗಂತ ಬರೀ ಕಾಗದಪತ್ರದಲ್ಲಿ ಮುಳುಗಿದ ಮನುಷ್ಯ ಅಂದುಕೊಳ್ಳಬೇಡಿ. ಮೋಟರ್‌ಸೈಕಲ್ ಅಂದರೆ ಪ್ರಾಣ. 1950ರಲ್ಲಿ ಸ್ವೀಡನ್ನಿನ ಉಪ್ಸಲಾದಲ್ಲಿ ಪಕ್ಷಿವಿಜ್ಞಾನಿಗಳ ಸಮ್ಮೇಳನ ನಡೆದಾಗ ತಮ್ಮ ಸನ್‌ಬೀಮ್ ಬೈಕನ್ನು ಹಡಗಿನಲ್ಲಿ ಸಾಗಿಸಿ, ಯೂರೋಪಿನುದ್ದಕ್ಕೂ ಅದರ ಮೇಲೆಯೇ ಹೋಗಿ ಇಳಿದರು. ಆಗ ವಯಸ್ಸು 53!

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಜನರಿಗೂ ಜ್ವರ ಬಂತು. ಅದೇ ಮಂಗನ ಕಾಯಿಲೆ. ಉಣ್ಣೆ ಹುಳು ಹರಡುವ ಈ ವೈರಸ್ ರಷ್ಯಾದ ಕಡೆಯ ಒಂದು ವೈರಸ್ಸಿಗೆ ಹತ್ತಿರದ್ದು ಅಂತ ಗೊತ್ತಾದಾಗ, ಉತ್ತರದಿಂದ ವಲಸೆ ಬರುವ ಹಕ್ಕಿಗಳು ಅದನ್ನು ಹೊತ್ತು ತಂದವೋ ಎಂಬ ಸಂಶಯ ಎದ್ದಿತು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಸಲೀಂ ಅಲಿ ಮತ್ತು ಸೊಸೈಟಿಯವರು ಹಕ್ಕಿಗಳನ್ನು ಬಲೆ ಹಾಕಿ ಹಿಡಿದು, ಕಾಲಿಗೆ ಉಂಗುರ ತೊಡಿಸಿ ಬಿಡುವ ಕೆಲಸವನ್ನು ದೊಡ್ಡದಾಗಿ ಕೈಗೊಂಡರು. ಹಕ್ಕಿಗಳ ಮೇಲಿನ ಆ ಆರೋಪ ರುಜುವಾತಾಗಲಿಲ್ಲ. ರೋಗ ಅಲ್ಲಿಯ ಕಾಡಿನ ಉಣ್ಣೆ, ಮಂಗ, ಸಣ್ಣ ಪ್ರಾಣಿಗಳ ನಡುವೆಯೇ ಸುತ್ತುತ್ತದೆ ಅಂತ ತಿಳಿದುಬಂತು. ಆದರೆ ಹಾಕಿದ ಉಂಗುರಗಳು ವ್ಯರ್ಥವಾಗಲಿಲ್ಲ. ಚಳಿಗಾಲದ ನಮ್ಮ ಅತಿಥಿಗಳು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತಾರೆ ಅನ್ನುವ ತಿಳಿವಳಿಕೆಗೆ ಅವೇ ತಳಹದಿಯಾದವು.

1968ರಿಂದ 1974ರ ತನಕ, ಅಮೆರಿಕದ ಡಿಲನ್ ರಿಪ್ಲಿ ಅವರ ಜೊತೆಗೂಡಿ ಭಾರತ ಮತ್ತು ಪಾಕಿಸ್ತಾನದ ಹಕ್ಕಿಗಳ ಬಗ್ಗೆ ಹತ್ತು ಸಂಪುಟಗಳನ್ನು ಹೊರತಂದರು. ಮೊದಲ ಸಂಪುಟ ಬಂದಾಗ ವಯಸ್ಸು ಎಪ್ಪತ್ತು ದಾಟಿತ್ತು. ಡಿಗ್ರಿ ಇಲ್ಲವೆಂದು ಕೆಲಸ ತಪ್ಪಿದ ಈ ಮನುಷ್ಯನಿಗೆ ಅಲೀಗಢ, ದೆಹಲಿ, ಆಂಧ್ರ ವಿಶ್ವವಿದ್ಯಾಲಯಗಳು ತಾವಾಗಿ ಕರೆದು ಡಾಕ್ಟರೇಟ್ ಕೊಟ್ಟವು. 1958ರಲ್ಲಿ ಪದ್ಮಭೂಷಣ, 1976ರಲ್ಲಿ ಪದ್ಮವಿಭೂಷಣ, 1985ರಲ್ಲಿ ರಾಜ್ಯಸಭೆಗೆ ನಾಮಕರಣ. ಕೇರಳದ ಸೈಲೆಂಟ್ ವ್ಯಾಲಿಯಲ್ಲಿ ಅಣೆಕಟ್ಟು ಬೇಡ ಎಂದವರಲ್ಲಿ ಅವರ ದನಿಯೂ ಇತ್ತು. 1984ರಲ್ಲಿ ಆ ಕಾಡು ರಾಷ್ಟ್ರೀಯ ಉದ್ಯಾನವಾಯಿತು.

ಇಲ್ಲಿಗೆ ಮುಗಿಸಿದರೆ ಒಳ್ಳೆಯ ಸನ್ಮಾನಪತ್ರ ಆಗುತ್ತದೆ. ಆದರೆ ಭರತಪುರದ ಕತೆ ಹೇಳದೆ ಬಿಡುವ ಹಾಗಿಲ್ಲ.

ರಾಜಸ್ಥಾನದ ಭರತಪುರದ ಜೌಗು ರಾಜರ ಬಾತುಕೋಳಿ ಶಿಕಾರಿಯ ಜಾಗವಾಗಿತ್ತು. 1938ರ ನವೆಂಬರ್ 12ರಂದು ವೈಸ್‌ರಾಯ್ ಲಿನ್‌ಲಿಥ್‌ಗೋ ಮತ್ತವರ ಸಂಗಡಿಗರು ಒಂದೇ ದಿನ 4,273 ಹಕ್ಕಿಗಳನ್ನು ಹೊಡೆದರು. ಆ ಸಂಖ್ಯೆಯನ್ನು ಅಲ್ಲಿ ಕಲ್ಲಿನಲ್ಲಿ ಕೆತ್ತಿಸಿಟ್ಟಿದ್ದಾರೆ. ಕಾಕತಾಳೀಯ ನೋಡಿ, ಅದೇ ದಿನ ಸಲೀಂ ಅಲಿಗೆ 42 ತುಂಬಿತ್ತು. ಸ್ವಾತಂತ್ರ್ಯ ಬಂದ ಮೇಲೆ ಜೌಗಿನ ನೀರು ಬಸಿದು ಗದ್ದೆ ಮಾಡಬೇಕೆಂಬ ಕೂಗು ಎದ್ದಾಗ ಅದನ್ನು ಉಳಿಸಲು ಹೋರಾಡಿದವರಲ್ಲಿ ಸಲೀಂ ಅಲಿ ಮುಂದು. 1985ರಲ್ಲಿ ಅದು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು.

ಸುತ್ತಲಿನ ಹಳ್ಳಿಗರು ತಲೆತಲಾಂತರದಿಂದ ಎಮ್ಮೆ ದನಗಳನ್ನು ಆ ಜೌಗಿನಲ್ಲಿ ಮೇಯಿಸುತ್ತಿದ್ದರು. ದನ ಮೇಯುವುದರಿಂದ ಹಕ್ಕಿಗಳ ನೆಲೆ ಹಾಳಾಗುತ್ತದೆ, ನಿಲ್ಲಿಸಬೇಕು ಅನ್ನುವುದು ಪ್ರಕೃತಿ ಸಂರಕ್ಷಕರ ಅಭಿಪ್ರಾಯ. ಸಲೀಂ ಅಲಿಯವರದೂ ಅದೇ. 1982ರಲ್ಲಿ ನಿಷೇಧ ಬಂತು. ಹಳ್ಳಿಗರು ಪ್ರತಿಭಟಿಸಿದರು, ಪೊಲೀಸರು ಗುಂಡು ಹಾರಿಸಿದರು, ಹಲವರು ಸತ್ತರು. ಎಮ್ಮೆಗಳು ಹೊರಗಾದವು. ಆಮೇಲೆ ಆದದ್ದೇನು? ಎಮ್ಮೆ ತಿನ್ನುತ್ತಿದ್ದ ಹುಲ್ಲು ಕಳೆಗಳು ಬೇಕಾಬಿಟ್ಟಿ ಬೆಳೆದು ನೀರನ್ನೇ ಮುಚ್ಚಿಕೊಂಡವು. ತೆರೆದ ನೀರು ಬೇಕಾದ ಹಕ್ಕಿಗಳಿಗೇ ತೊಂದರೆಯಾಯಿತು. ಇದನ್ನು ಅನೇಕ ವರ್ಷ ಅಭ್ಯಾಸ ಮಾಡಿ ಹೇಳಿದವರು ಬೇರೆ ಯಾರೂ ಅಲ್ಲ, ಸಲೀಂ ಅಲಿಯವರ ಸೊಸೈಟಿಯ ವಿಜ್ಞಾನಿಗಳೇ.

ಈ ಘಟನೆಯಿಂದ ಸಲೀಂ ಅಲಿ ಚಿಕ್ಕವರಾದರು ಅಂತ ನನಗೇನೂ ಅನಿಸುವುದಿಲ್ಲ. ಆದರೆ ಸತ್ತ ಹಳ್ಳಿಗರನ್ನು ಮರೆತು ಪರಿಸರದ ಪಾಠ ಓದುವುದು ಅನ್ಯಾಯ. ಜೌಗಿನ ಲೆಕ್ಕದಲ್ಲಿ ಹಕ್ಕಿ ಇತ್ತು, ನೀರು ಇತ್ತು, ಎಮ್ಮೆಯನ್ನೂ ಎಮ್ಮೆ ಕಾಯುವವನನ್ನೂ ಸೇರಿಸಲು ದೊಡ್ಡವರೆಲ್ಲ ಮರೆತಿದ್ದರು. ಕಿಹಿಂನಲ್ಲಿ ಗೀಜಗನ ಗೂಡನ್ನು ತಿಂಗಳುಗಟ್ಟಲೆ ನೋಡಿ ಆಮೇಲೆ ಬಾಯಿ ತೆರೆದ ಹಾಗೆ, ಇಲ್ಲೂ ಮೊದಲು ನೋಡಿ ಆಮೇಲೆ ತೀರ್ಮಾನ ಮಾಡಿದ್ದರೆ ಚೆನ್ನಾಗಿತ್ತು. ಸಲೀಂ ಅಲಿ ಕಲಿಸಿದ ವಿಧಾನದಿಂದಲೇ ಸಲೀಂ ಅಲಿಯ ಅಭಿಪ್ರಾಯವನ್ನು ತಿದ್ದಲು ಸಾಧ್ಯವಾಯಿತು. ಗುರುವಿನ ಮಾತಿಗಿಂತ ಕಣ್ಣಿಗೆ ಕಂಡದ್ದು ದೊಡ್ಡದು ಅನ್ನುವ ಧೈರ್ಯ ನಮ್ಮ ಟೆಕ್ಸ್ಟ್‌ಬುಕ್ಕುಗಳಲ್ಲಿ ಸಿಗುವುದಿಲ್ಲ. ಇಂಥ ಜೀವನಗಳಲ್ಲಿ ಸಿಗುತ್ತದೆ.

1985ರಲ್ಲಿ ಅವರ ಆತ್ಮಕಥೆ ಬಂತು. ಅದರ ಹೆಸರಿನಲ್ಲೂ ಆ ಗುಬ್ಬಿ ಇದೆ. 1987ರಲ್ಲಿ, ತೊಂಬತ್ತು ತುಂಬಿದ ಮೇಲೆ, ಮುಂಬಯಿಯಲ್ಲೇ ತೀರಿಕೊಂಡರು. ಕೊನೆಯ ವರ್ಷಗಳಲ್ಲಿ ಬಂದ ದೊಡ್ಡ ಅಂತರರಾಷ್ಟ್ರೀಯ ಪ್ರಶಸ್ತಿಯ ಹಣ ಸೊಸೈಟಿಯ ಕೆಲಸಕ್ಕೇ ಹೋಯಿತು.

ಸೊಸೈಟಿಯ ಹಾರ್ನ್‌ಬಿಲ್ ಹೌಸ್ ನಾವು ಸಿನಿಮಾಕ್ಕೂ ಪುಸ್ತಕದಂಗಡಿಗೂ ಅಂತ ತಿರುಗುವ ಫೋರ್ಟ್ ಭಾಗದಲ್ಲೇ ಇದೆ. ಒಳಗೆ ಹೋಗಲು ಪ್ರಾಣಿಶಾಸ್ತ್ರದ ಅಂಕಪಟ್ಟಿ ಯಾರೂ ಕೇಳುವುದಿಲ್ಲ. ನಮ್ಮ ಸಂಘದಿಂದ ವರ್ಷಕ್ಕೊಂದು ಪಿಕ್‌ನಿಕ್ ಹೋಗುತ್ತೇವಲ್ಲ, ಈ ಸಲ ಸಮುದ್ರ ದಾಟಿ ಕಿಹಿಂ ಕಡೆ ಹೋದರೆ ಹೇಗೆ? ಮಳೆಗಾಲದಲ್ಲಿ ಹೋದರೆ ಗೀಜಗನ ಗೂಡು ಕಾಣಬಹುದು. ಒಬ್ಬರಾದರೂ ನೋಟುಪುಸ್ತಕ ತನ್ನಿ. ಆರ್ಟ್ಸ್‌ನವರೂ ಬರಬಹುದು.